ತುಪ್ಪಟ

"ಎಷ್ಟು ಕೆ.ಜಿ. ಬೀಳ್ತದೆ ಸಾರ್?"

ಜ್ಞಾನೇಶ ತಿರುಗಿ ನೋಡಿದ. ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯ ಮುಂದೆ ನಿಂತಿದ್ದ ಲಾರಿ ಡ್ರೈವರ್ ಗ್ಲಾಸು ಹಿಡಿದ ಕೈಯಲ್ಲೇ ಕಾರಿನ ಹಿಂದಿನ ಸೀಟನ್ನು ತೋರಿಸುತ್ತಿದ್ದ.

"ಅದು ನಾಯಿ," ಎಂದ ಜ್ಞಾನೇಶ.

"ನಾಯಾ! ಯಾವ್ದೋ ಸೀಮೆ ಟಗರು ಅಂದ್ಕಂಡಿದ್ದೆ ಕಣ್ರೀ. ಮುಖ ಯಾವ ಕಡೆಗೈತೆ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಜ್ಞಾನೇಶನ ಮೈಯೆಲ್ಲ ಉರಿದುಹೋಯಿತು. ಬಟ್ಟಲಿಗೆ ನೀರು ಸುರಿದು ನಾಯಿಯ ಮುಂದೆ ಹಿಡಿದ. ಮುಖವೆಂದು ಹೇಳಬಹುದಾದ ಕೂದಲಿನ ಗುಪ್ಪೆ ಬಟ್ಟಲನ್ನು ಎಡಕ್ಕೆ ಹುಡುಕಿ, ಬಲಕ್ಕೆ ಹುಡುಕಿ, ಕೊನೆಗೆ ಸಿಕ್ಕಿದ ಮೇಲೆ ಲೊಚಲೊಚ ಕುಡಿಯಿತು. ಈ ತಾಲ್ಲೂಕಿನಲ್ಲಿ ನಾಲ್ಕು ಕಾಲಿನ ಯಾವುದನ್ನು ಕಂಡರೂ ಜನಕ್ಕೆ ನೆನಪಾಗುವುದು ಎರಡೇ, ಹಾಲು ಇಲ್ಲವೇ ಬಾಡು. ಇವರಿಗೆ ಏನೆಂದು ಹೇಳುವುದು? ಬಾಗಿಲು ಧಡ್ಡನೆ ಹಾಕಿ ಕಾರು ಹತ್ತಿದ.

ನಾಯಿಯ ಹೆಸರು ಬ್ಯಾರನ್. ಜಾತಿ ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್. ಅದರ ಅಪ್ಪ, ಅಜ್ಜ, ಮುತ್ತಜ್ಜನ ಹೆಸರುಗಳು ಮುದ್ರೆ ಬಿದ್ದ ಕಾಗದದಲ್ಲಿದ್ದವು. ತನ್ನಪ್ಪ ತೀರಿಕೊಂಡ ಮೇಲೆ ತೋಟದ ಖಾತೆಗಾಗಿ ಜ್ಞಾನೇಶ ತನ್ನ ವಂಶಾವಳಿ ಮಾಡಿಸಲು ಏಳು ತಿಂಗಳು ಓಡಾಡಿದ್ದ. ನಾಯಿಯದು ನಾಯಿಯ ಜೊತೆಗೇ ಬಂದಿತ್ತು.

ಮನೆಗೆ ಬಂದು ನಾಲ್ಕು ವರ್ಷ. ತಿಪಟೂರಿನ ಬಿಸಿಲಿಗೆ ತಡೆಯದೆಂದು ಅದಕ್ಕೊಂದು ಏಸಿ ಕೋಣೆ. ಭಾನುವಾರ ಭಾನುವಾರ ಶಾಂಪೂ, ಬಾಚಣಿಗೆ. ಬಾಚಿದ ಮೇಲೆ ಫೋಟೊ. ಇನ್‌ಸ್ಟಾಗ್ರಾಮಿನಲ್ಲಿ ಹನ್ನೊಂದು ಸಾವಿರ ಜನ ಬ್ಯಾರನ್ನನ್ನು ಬಲ್ಲರು. ಕಾಲೇಜಿನಲ್ಲಿ ಹದಿನೆಂಟು ವರ್ಷ ಇತಿಹಾಸ ಪಾಠ ಮಾಡಿದ ಜ್ಞಾನೇಶನನ್ನು ಬಲ್ಲವರು ಅಷ್ಟಿಲ್ಲ. ಕಣ್ಣಿನ ಮೇಲೆ ಇಳಿಬಿದ್ದ ಬಿಳಿಯ ಕೂದಲೇ ಅದರ ಕಳೆ. ಒಮ್ಮೆ ಹೆಂಡತಿ ಮೀನಾ ತನ್ನ ಕ್ಲಿಪ್ಪಿನಿಂದ ಅದನ್ನು ಮೇಲೆತ್ತಿ ಕಟ್ಟಿದ್ದಳು. "ಪಾಪ, ಏನಾದ್ರೂ ಕಾಣಲಿ," ಎಂದಿದ್ದಳು. ಅವನು ಕಿತ್ತು ಅವಳ ಕೈಗೇ ಕೊಟ್ಟಿದ್ದ. ಎರಡು ತಿಂಗಳ ಹಿಂದೆ ದನದ ಡಾಕ್ಟರು ನಾಯಿಯ ಬೆನ್ನು ಮುಟ್ಟಿ ನೋಡಿ, "ಬೇಸಿಗೆ ಮುಗಿಯೋವರೆಗೂ ಪೂರ್ತಿ ಕತ್ತರಿಸಿಬಿಡಿ ಸಾರ್, ಒಳಗೆ ಚರ್ಮ ಕೆಡ್ತಿದೆ," ಎಂದಾಗಲೂ ಹೀಗೇ ಮೈ ಉರಿದಿತ್ತು. ಎಮ್ಮೆಯ ಕೆಚ್ಚಲು ನೋಡುವ ಕೈಗೆ ಈ ಜಾತಿ ಏನು ಗೊತ್ತು?

ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಇವತ್ತು.

*

ತೋಟದಲ್ಲಿ ಗಿಡ್ಡಯ್ಯನ ಕುರಿಗಳಿದ್ದವು. ಕಂದಿಕೆರೆ ಕಡೆಯ ಗಿಡ್ಡಯ್ಯ ಅಪ್ಪನ ಕಾಲದಲ್ಲಿ ಪ್ರತಿ ಬೇಸಿಗೆ ಬಂದು ತೆಂಗಿನ ಮರಗಳ ನಡುವೆ ಮಂದೆ ನಿಲ್ಲಿಸುತ್ತಿದ್ದ. ಒಂದೊಂದು ರಾತ್ರಿ ಒಂದೊಂದು ಕಡೆ ಬಲೆ ಕಟ್ಟಿ ಕುರಿ ತುಂಬಿದರೆ ಅವುಗಳ ಹಿಕ್ಕೆ, ಗಂಜಲವೆಲ್ಲ ಮರದ ಬುಡಕ್ಕೆ. ಅಪ್ಪ ಹೋದ ಮೇಲೆ ಅದು ನಿಂತಿತ್ತು. ಈ ವರ್ಷ ಜ್ಞಾನೇಶನೇ ಫೋನು ಮಾಡಿ ಕರೆಸಿದ್ದ. ಗೊಬ್ಬರಕ್ಕೆ ಎಂದು ಎಲ್ಲರಿಗೂ ಹೇಳಿದ. ನಿಜವೆಂದರೆ, ಬ್ಯಾರನ್ ತನ್ನ ಜನ್ಮದ ಕೆಲಸವನ್ನು ಒಂದು ಸಲವಾದರೂ ಮಾಡುವುದನ್ನು ಅವನು ನೋಡಬೇಕಿತ್ತು. ಅದನ್ನು ವೀಡಿಯೊ ಮಾಡಿ ಈ ಊರಿನ ಮುಖಕ್ಕೆ ಹಿಡಿಯಬೇಕಿತ್ತು.

ಕಾರಿನಿಂದ ಇಳಿಯುವಾಗ ಬ್ಯಾರನ್ನಿನ ತಲೆ ಬಾಗಿಲಿನ ಅಂಚಿಗೆ ಬಡಿಯಿತು. ನಾಲ್ಕು ಹೆಜ್ಜೆ ನಡೆದು ತೆಂಗಿನ ಮರಕ್ಕೆ ಎಡಭುಜ ತಾಗಿಸಿಕೊಂಡಿತು. ಬಲೆಯೊಳಗೆ ಇನ್ನೂರು ಕರಿ ಕುರಿಗಳು ಒಂದರ ಹೊಟ್ಟೆಗೊಂದು ಒತ್ತಿಕೊಂಡು ಆಚೆ ತುದಿಗೆ ಸರಿದವು.

"ಹೋಗು," ಎಂದ ಜ್ಞಾನೇಶ. ಫೋನಿನ ಕ್ಯಾಮೆರಾ ತೆರೆದು ಹಿಡಿದಿದ್ದ. "ಬ್ಯಾರನ್, ಹೋಗು."

ಬ್ಯಾರನ್ ಅವನ ಕಾಲ ಹಿಂದೆ ಬಂದು ಕುಸಿದು ಕೂತು ನಾಲಗೆ ಚಾಚಿ ತೇಕತೊಡಗಿತು.

ಗಿಡ್ಡಯ್ಯ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. ಅವನ ಹೆಂಡತಿ ಪುಟ್ಟಗಂಗಮ್ಮ ಒಲೆಯ ಮುಂದಿನಿಂದೆದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದು ಕುರಿ ಕಾಯೋ ನಾಯಿ ಅಂದ್ರಲ್ಲ ಮೇಷ್ಟ್ರೆ?"

"ಹೌದು."

"ಕುರೀನೇ ಇದ್ನ ಕಾಯ್ಬೇಕೇನೋ," ಎಂದ ಗಿಡ್ಡಯ್ಯ. ನಗಲಿಲ್ಲ. "ಬಿಸ್ಲಿಗೆ ಸೋತೈತೆ, ಪಾಪ. ಹೆಸ್ರೇನು?"

"ಬ್ಯಾರನ್."

"ಬೈರ," ಎಂದಳು ಪುಟ್ಟಗಂಗಮ್ಮ, ಅದೇ ಸರಿಯೆನ್ನುವಂತೆ. ತಿದ್ದಲು ಹೊತ್ತಿರಲಿಲ್ಲ. ಹತ್ತು ಗಂಟೆಗೆ ಪಿಯುಸಿ ಪರೀಕ್ಷೆಯ ಮೇಲ್ವಿಚಾರಣೆ.

"ಸಂಜೆ ತಂಪಿಗೆ ನೋಡ್ತಿರಿ," ಎಂದ ಜ್ಞಾನೇಶ. "ಇದರ ರಕ್ತದಲ್ಲೇ ಇದೆ. ಅಲ್ಲಿವರೆಗೆ ನೆರಳಲ್ಲಿ ಕಟ್ಟಿರಿ. ನೀರು ಇಡಿ." ಕಾರು ಹತ್ತಿದವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹುಷಾರು. ನಿಮ್ಮ ಕುರಿ ಹೆಂಗೆ ನೋಡ್ಕೊಳ್ತೀರೋ ಹಂಗೇ ನೋಡ್ಕೊಳಿ."

"ಅಂಗೇ ನೋಡ್ಕಂತೀವಿ, ಹೋಗ್ಬನ್ನಿ," ಎಂದ ಗಿಡ್ಡಯ್ಯ.

*

ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಇತ್ತು. ಮಕ್ಕಳನ್ನು ಕಾಯಲು ಅವನು, ಅವನನ್ನು ಕಾಯಲು ಕ್ಯಾಮೆರಾ. ಮೂರು ಗಂಟೆ ಸಾಲುಗಳ ನಡುವೆ ಸುತ್ತಿದ. ಬಗ್ಗಿದ ತಲೆಗಳು ಅವನು ಹತ್ತಿರ ಬಂದಾಗ ಇನ್ನಷ್ಟು ಬಗ್ಗಿದವು. ತಾನು ಕಲಿಸಿದ್ದನ್ನೇ ಬರೆಯುತ್ತಿದ್ದಾರೆ, ಗೈಡಿನಿಂದ ಬಾಯಿಪಾಠ ಮಾಡಿ. ಹದಿನೆಂಟು ವರ್ಷದಲ್ಲಿ ಒಬ್ಬನೂ ಒಂದು ಪ್ರಶ್ನೆ ಕೇಳಿಲ್ಲ. ಕೇಳುವಂತೆ ತಾನು ಕಲಿಸಿದ್ದೇನೆಯೇ ಎಂಬ ಯೋಚನೆ ಒಂದು ಕ್ಷಣ ಬಂತು. ಬರಬಾರದಿತ್ತು ಎನಿಸಿತು. ಕಿಟಕಿಯ ಹತ್ತಿರ ಹೋಗಿ ನಿಂತ.

ಮಧ್ಯಾಹ್ನ ಉತ್ತರಪತ್ರಿಕೆಯ ಕಟ್ಟು ಒಪ್ಪಿಸಿ ಫೋನು ತೆಗೆದರೆ ಮೀನಾಳ ನಾಲ್ಕು ಕರೆಗಳು. ಅವಳು ಬ್ಯಾಂಕಿನಿಂದ ಹಗಲು ಹೊತ್ತು ಫೋನು ಮಾಡುವವಳಲ್ಲ.

"ನಾಯಿ ಎಲ್ಲಿ?" ಎಂದಳು.

"ತೋಟದಲ್ಲಿ."

"ಯಾರ ಹತ್ರ?"

"ಗಿಡ್ಡಯ್ಯ ಇದಾನಲ್ಲ."

ಅವಳ ಕಡೆಯಿಂದ ನೋಟು ಎಣಿಸುವ ಯಂತ್ರದ ಸದ್ದು ಬರುತ್ತಿತ್ತು.

"ಬೆಳಿಗ್ಗೆ ಮತ್ತೆ ಬಾಗಿಲಿಗೆ ಹೊಡ್ಕೊಳ್ತು. ಎಡಗಡೇನೇ. ಎರಡು ವಾರದಿಂದ ಹೇಳ್ತಿದೀನಿ."

"ಆ ಬ್ರೀಡೇ ಹಾಗೆ ಮೀನಾ. ಸ್ವಲ್ಪ ಪೆದ್ದುಪೆದ್ದಾಗಿರುತ್ತೆ."

"ಒಂದ್ಸಲ ಕೂದಲೆತ್ತಿ ನೋಡಿ ಅಂದೆ."

"ಸಂಜೆ ನೋಡೋಣ."

"ನೋಡೋಣ ಅಂತಾನೇ ಅಂತೀರಿ," ಎಂದು ಇಟ್ಟುಬಿಟ್ಟಳು.

ಇವಳೂ ಅವರಲ್ಲೊಬ್ಬಳು ಎಂದುಕೊಂಡ. ನಾಯಿಯ ಏಸಿಯ ಚಳಿ ಆಗುವುದಿಲ್ಲವೆಂದು ಅವಳು ಎರಡು ವರ್ಷದಿಂದ ಹಿಂದಿನ ಕೋಣೆಯಲ್ಲಿ ಮಲಗುತ್ತಾಳೆ. ಅವನು ನಾಯಿಯ ಕೋಣೆಯಲ್ಲಿ. ಸಂಜೆಯ ಹೊತ್ತು ಬ್ಯಾರನ್‌ಗೆ ಒಂದು ಹುಚ್ಚು. ಅಡುಗೆಮನೆಯಲ್ಲಿರುವ ಮೀನಾಳ ಕಾಲಿನ ಹಿಂದೆ ಭುಜ ಒತ್ತಿ, ತಳ್ಳಿ ತಳ್ಳಿ ಹಜಾರಕ್ಕೆ ತಂದು ಕೂರಿಸುತ್ತದೆ. ಆಮೇಲೆ ಬಂದು ಅವನ ಕೋಣೆಯ ಬಾಗಿಲು ಕೆರೆಯುತ್ತದೆ. ಅವನು ತೆಗೆಯುವ ಹೊತ್ತಿಗೆ ಮೀನಾ ಎದ್ದು ಒಳಗೆ ಹೋಗಿರುತ್ತಾಳೆ. ಮತ್ತೆ ಮೊದಲಿನಿಂದ. ಆಟ ಎಂದು ಅವನು ಅದರದ್ದೂ ಒಂದು ವೀಡಿಯೊ ಹಾಕಿದ್ದ. ಬಹಳ ಜನ ಮೆಚ್ಚಿದ್ದರು.

*

ನಾಲ್ಕೂವರೆಗೆ ತೋಟಕ್ಕೆ ಬಂದಾಗ ಬ್ಯಾರನ್ ಇರಲಿಲ್ಲ.

ಪಂಪ್‌ಮನೆಯ ನೆರಳಿನಲ್ಲಿ ಗೋಣಿತಾಟಿನ ಮೇಲೆ ಗಿಡ್ಡಯ್ಯ ಕೂತು ದೊಡ್ಡ ಕತ್ತರಿಯಿಂದ ಒಂದು ಕುರಿಯ ತುಪ್ಪಟ ಕತ್ತರಿಸುತ್ತಿದ್ದ. ಅವನ ತಮ್ಮ ಮಂದೆ ಹೊಡೆದುಕೊಂಡು ಮೇಯಿಸಲು ಹೋಗಿದ್ದ. ತುಪ್ಪಟ ಬೆಳೆದ ಹತ್ತು ಹನ್ನೆರಡು ಕುರಿಗಳು ಮಾತ್ರ ಇಲ್ಲಿ ಉಳಿದಿದ್ದವು. ಕತ್ತರಿಸಿಕೊಂಡವು ಮರದ ಬುಡದಲ್ಲಿ ಬತ್ತಲೆ ಮಲಗಿದ್ದವು. ಅವುಗಳ ಪಕ್ಕದಲ್ಲಿ ಯಾವುದೋ ಬೀದಿನಾಯಿ. ಬೂದುಬಣ್ಣದ ಬಡಕಲು ಮೈ, ಎಣಿಸುವಂತಿರುವ ಪಕ್ಕೆಲುಬು, ಅಲ್ಲಲ್ಲಿ ಕೆಂಪು ಹುಣ್ಣು, ಅದರ ಮೇಲೆ ಹೊಂಗೆ ಎಣ್ಣೆಯ ಮಿರುಗು.

"ನಾಯಿ ಎಲ್ಲಿ?" ಎಂದ ಜ್ಞಾನೇಶ.

ಬೀದಿನಾಯಿ ಅವನ ದನಿಗೆ ಬಾಲವಿಲ್ಲದ ಹಿಂಭಾಗವನ್ನು ಅಲ್ಲಾಡಿಸಿತು. ಬಾಲ ಆ ಜಾತಿಗೆ ಮರಿಯಲ್ಲೇ ಕತ್ತರಿಸುತ್ತಾರೆ. ಅಷ್ಟರಿಂದ ಅವನಿಗೆ ಗುರುತು ಹತ್ತಿತು.

ಕೋಪ ನೆತ್ತಿಗೇರಿತು.

"ಯಾರು ಹೇಳಿದ್ದು? ಯಾರು ಹೇಳಿದ್ದು ನಿನಗೆ ಇದನ್ನ ಮುಟ್ಟು ಅಂತ?"

ಗಿಡ್ಡಯ್ಯ ಕತ್ತರಿ ನಿಲ್ಲಿಸಿದ. "ನೀವೇ ಅಂದ್ರಲ್ಲ ಸ್ವಾಮಿ. ಕುರಿ ಹೆಂಗೆ ನೋಡ್ಕಂತೀರೋ ಅಂಗೇ ನೋಡ್ಕಳಿ ಅಂತ."

"ಅಂದರೆ ಕತ್ತರಿಸು ಅಂತಲಾ?"

"ಕುರಿ ಇಂಗೆ ತೇಕ್ತಾ ಬಿದ್ದಿದ್ರೆ ನಾವು ಇನ್ನೇನ್ ಮಾಡ್ತೀವಿ?"

"ಇದು ಕುರಿ ಅಲ್ಲ! ಇದು... ನಾಲ್ಕು ವರ್ಷ ಸಾಕಿದೀನಿ. ಇದರ ಕೂದಲು ಬರಕ್ಕೆ ಎರಡು ವರ್ಷ ಬೇಕು. ಗೊತ್ತಾ ನಿನಗೆ? ಇಡೀ ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿಲ್ಲ. ಅನಾಗರಿಕರು. ಕತ್ತರಿ ಕೈಯಲ್ಲಿದ್ದರೆ ಆಯ್ತು, ಕಂಡದ್ದೆಲ್ಲ ಬೋಳಿಸೋದು!" ಪೊಲೀಸಿಗೆ ಹೇಳುತ್ತೇನೆ ಎಂದ. ನಾಳೆಯೇ ಮಂದೆ ಎಬ್ಬಿಸಿಕೊಂಡು ಹೋಗಿ ಎಂದ. ತನ್ನ ದನಿ ತೋಟದ ಆಚೆಗೂ ಕೇಳುತ್ತಿದೆಯೆಂದು ಗೊತ್ತಿದ್ದೂ ಕೂಗಿದ. ಕೂಗುವಾಗ ಒಂದು ರೀತಿಯ ಸುಖವಿತ್ತು. ಬೆಳಿಗ್ಗೆಯ ಲಾರಿ ಡ್ರೈವರಿಗೂ, ದನದ ಡಾಕ್ಟರಿಗೂ, ಮೀನಾಳಿಗೂ ಸೇರಿಸಿ ಕೂಗಿದ.

ಪುಟ್ಟಗಂಗಮ್ಮ ಪಂಪಿನ ತೊಟ್ಟಿಯ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವನು ಮುಗಿಸುವವರೆಗೂ ಕಾದಳು.

"ಆಯ್ತಾ? ಈಗ ಬನ್ನಿ ಇಲ್ಲಿ. ಕೂತ್ಕಳಿ."

ಯಾಕೆ ಕೂತನೋ ಅವನಿಗೆ ತಿಳಿಯಲಿಲ್ಲ. ಅವಳು ನಾಯಿಯ ಗದ್ದ ಹಿಡಿದು ಮುಖವನ್ನು ಅವನ ಕಡೆ ತಿರುಗಿಸಿದಳು. ಬಲಗಡೆ ಜೇನಿನ ಬಣ್ಣದ ಕಣ್ಣು ಅವನನ್ನು ನೋಡುತ್ತಿತ್ತು. ಎಡಗಡೆ ಎಳೆ ತೆಂಗಿನ ಗಂಜಿಯಂಥ ಬಿಳುಪು. ನಡುವೆ ಕಣ್ಣಿನ ಪಾಪೆಯೇ ಕಾಣುತ್ತಿರಲಿಲ್ಲ.

"ಹೂ ಬಿದ್ದೈತೆ," ಎಂದಳು. "ಹೋಯ್ತು ಈ ಕಣ್ಣು. ಇಲ್ನೋಡಿ." ಸೆರಗಿನ ತುದಿಯ ಗಂಟು ಬಿಚ್ಚಿ ಅಂಗೈ ಮುಂದೆ ಹಿಡಿದಳು. ಉತ್ತರಾಣಿ ಗಿಡದ ಎರಡು ಮುಳ್ಳುಕಾಳು, ಕೀವಿನಲ್ಲಿ ಒಣಗಿ ಕಪ್ಪಾಗಿದ್ದವು. "ರೆಪ್ಪೆ ಒಳಗೆ ಸಿಕ್ಕಂಡು ಕುಂತಿದ್ವು. ಇವತ್ತು ನಿನ್ನೇದಲ್ಲ ಇದು. ತಿಂಗ್ಳಾಗೈತೆ. ಕಿವಿ ಒಳಗೆ ಉಣುಗು ಗೊಂಚಲು ಗೊಂಚ್ಲಾಗಿ ರಕ್ತ ಕುಡೀತಾ ಅವೆ. ಕಿತ್ತೂ ಕಿತ್ತೂ ನನ್ನ ಉಗುರು ಹೋಯ್ತು. ನಾಕ್ ವರ್ಸ ಸಾಕ್ದೆ ಅಂತೀರಲ್ಲ ಮೇಷ್ಟ್ರೆ, ಒಂದಿನ ಅದ್ರ ಕಣ್ಣು ನೋಡ್ನಿಲ್ವಾ?"

ಜ್ಞಾನೇಶ ಬಾಯಿ ತೆರೆದ. ಆ ಬ್ರೀಡೇ ಹಾಗೆ ಎಂಬ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಅವಳ ಅಂಗೈಯ ಕಾಳೊಂದನ್ನು ಬೆರಳಿನಿಂದ ಮುಟ್ಟಿದ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ," ಎಂದಳು ಪುಟ್ಟಗಂಗಮ್ಮ. ಅವಳಿಗೂ ಸಿಟ್ಟು ಬಂದಿತ್ತು. ಅವನದರಂತೆ ದನಿ ಏರಿರಲಿಲ್ಲ ಅಷ್ಟೆ. "ಇದಕ್ಕೆ ಹಿಟ್ಟೂ ಇತ್ತು, ಮಲ್ಲಿಗೇನೂ ಇತ್ತು. ನೋಡೋರು ಇರ್ನಿಲ್ಲ. ಒಂದು ಕುರಿಮರಿಗೆ ನಾನು ಇಂಗೆ ಮಾಡಿದ್ರೆ ನಮ್ಮತ್ತೆ ನನಗೆ ಮುದ್ದೆ ಇಕ್ತಿರ್ಲಿಲ್ಲ."

"ಬುಡಮ್ಮಿ, ಓದಿದೋರಿಗೆ ಏನೇನೋ ತಾಪತ್ರಯ," ಎಂದ ಗಿಡ್ಡಯ್ಯ.

ಆ ಮಾತು ಹೆಂಡತಿಯದಕ್ಕಿಂತ ಹೆಚ್ಚು ಚುಚ್ಚಿತು. ಕೋಪವನ್ನು ಮತ್ತೆ ಹುಡುಕಿದ. ಇದ್ದ ಜಾಗದಲ್ಲಿ ಇರಲಿಲ್ಲ. ಇನ್ನು ಮುಂದೆ ಯಾರ ಮೇಲೆ ಸಿಟ್ಟಾಗುವುದು ಎಂಬ ಪ್ರಶ್ನೆ ಎದುರು ಬಂದು ನಿಂತಿತು. ಅದಕ್ಕೆ ಅವನು ಹೆದರಿದ.

ಗಿಡ್ಡಯ್ಯ ಎದ್ದು ಹೋಗಿ ಒಂದು ಯೂರಿಯಾ ಚೀಲ ತಂದು ಅವನ ಪಕ್ಕದಲ್ಲಿಟ್ಟ. ಚೀಲ ಉಬ್ಬಿಕೊಂಡಿತ್ತು, ಎತ್ತಿದರೆ ತೂಕವಿರಲಿಲ್ಲ.

"ಅದ್ರ ಕೂದ್ಲು. ಒಂದೆಳೇನೂ ನಮ್ಮ ತುಪ್ಪಟದ ಜೊತೆ ಸೇರಿಸ್ನಿಲ್ಲ ಮತ್ತೆ. ಕಂಬಳಿ ದೇವ್ರ ಗದ್ದುಗೆಗೆ ಹಾಸೋದು, ನಾಯಿ ಕೂದ್ಲು ಸೇರ್ಬಾರ್ದು. ನಿಮ್ದು ನಿಮಗೆ."

ಜ್ಞಾನೇಶ ಚೀಲದ ಬಾಯಿಗೆ ಕೈ ಹಾಕಿದ. ಮೇಲಿನದು ಮೆತ್ತಗಿತ್ತು. ಭಾನುವಾರದ ಶಾಂಪೂವಿನ ವಾಸನೆ ಇನ್ನೂ ಇತ್ತು. ಕೈ ಕೆಳಗಿಳಿದಂತೆ ಗಂಟು, ಮುಳ್ಳು, ನಾರು, ತೇವ. ಅಷ್ಟು ಆಳಕ್ಕೆ ಅವನ ಬಾಚಣಿಗೆ ಎಂದೂ ಇಳಿದಿರಲಿಲ್ಲ.

*

ಬಿಸಿಲು ಮರಗಳ ಬುಡಕ್ಕೆ ಇಳಿಯುವ ಹೊತ್ತಿಗೆ ಮಂದೆ ಬಂತು. ಗಂಡಹೆಂಡಿರು ಹೊಸ ಜಾಗದಲ್ಲಿ ಗೂಟ ನೆಟ್ಟು, ಸೊಂಟದೆತ್ತರ ಬಲೆ ಸುತ್ತಿ, ಒಂದು ಕಡೆ ಬಾಗಿಲಿನಷ್ಟು ಬಿಟ್ಟಿದ್ದರು. ಜ್ಞಾನೇಶ ಹೊರಟಿರಲಿಲ್ಲ. ನಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಮನೆಗೆ ಹೋಗಬೇಕು, ಮೀನಾ ನೋಡುತ್ತಾಳೆ. ಇವುಗಳಲ್ಲಿ ಯಾವುದು ಕಷ್ಟ ಎಂದು ತೀರ್ಮಾನವಾಗದೆ ಚೀಲ ತಬ್ಬಿಕೊಂಡು ಬಲೆಯ ಬಾಗಿಲ ಹತ್ತಿರ ನಿಂತಿದ್ದ.

ಹೊಸ ಜಾಗವೆಂದು ಕುರಿಗಳು ಒಳಗೆ ಹೋಗಲು ಒಪ್ಪಲಿಲ್ಲ. ಬಾಗಿಲವರೆಗೆ ಬಂದು ಎರಡು ಕಡೆಗೂ ಒಡೆದುಕೊಂಡವು. ಗಿಡ್ಡಯ್ಯನ ತಮ್ಮ ಹೋ ಹೋ ಎಂದು ಓಡಿದ.

ಆಗ ಬ್ಯಾರನ್ ಎದ್ದಿತು.

ಬೊಗಳಲಿಲ್ಲ. ತಲೆ ತಗ್ಗಿಸಿ, ಕತ್ತು ಸ್ವಲ್ಪ ಎಡಕ್ಕೆ ವಾರೆ ಮಾಡಿಕೊಂಡು, ನೋಡುವ ಕಣ್ಣು ಕುರಿಗಳ ಕಡೆಗಿರುವಂತೆ ಹೊರಟಿತು. ದೇವಸ್ಥಾನ ಸುತ್ತುವವರ ಹಾಗೆ ಇಡೀ ಮಂದೆಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂತು. ಬೆಳಿಗ್ಗೆ ಅದನ್ನು ಕಂಡು ಬೆದರಿದ ಕುರಿಗಳು ಈಗ ಬೆದರಲಿಲ್ಲ. ಸುಮ್ಮನೆ ದಾರಿ ಬಿಟ್ಟವು. ಚದುರಿದ್ದೊಂದರ ಹಿಂಗಾಲಿಗೆ ಭುಜ ಕೊಟ್ಟಿತು. ಇನ್ನೊಂದಕ್ಕೆ ಕೊಟ್ಟಿತು. ಕರಿಯ ರಾಶಿ ತಾನೇ ತಾನಾಗಿ ತಿರುಗಿ, ಕಿರಿದಾಗಿ, ಬಾಗಿಲಿನಿಂದ ಒಳಗೆ ಸುರಿಯತೊಡಗಿತು.

"ಭಲೇ ಬೈರ!" ಎಂದ ಗಿಡ್ಡಯ್ಯ. "ಇದಕ್ಕೆ ಯಾರ್ ಕಲ್ಸಿದ್ರೋ!"

ಜ್ಞಾನೇಶ ಫೋನು ತೆಗೆದು ಕ್ಯಾಮೆರಾ ಹಿಡಿದ. ನಾಲ್ಕು ವರ್ಷ ಕಾದ ಗಳಿಗೆ. ಪರದೆಯ ಮೇಲೆ ಒಂದು ಬೋಳು ಬೀದಿನಾಯಿ ಕುರಿಗಳ ಸುತ್ತ ಓಡುತ್ತಿತ್ತು. ಹನ್ನೊಂದು ಸಾವಿರದಲ್ಲಿ ಒಬ್ಬರೂ ಇದನ್ನು ನಂಬುವುದಿಲ್ಲ. ಫೋನು ಕೆಳಗಿಳಿಸಿದ.

ಕೊನೆಯ ಕುರಿಯೂ ಹೋಯಿತು. ಅವನ ಮೊಣಕಾಲಿನ ಹಿಂದೆ ಏನೋ ಒತ್ತಿತು.

"ನಾನು ಕಣೋ," ಎಂದ ಜ್ಞಾನೇಶ.

ಮತ್ತೆ ಒತ್ತಿತು, ಮೊದಲಿಗಿಂತ ಗಟ್ಟಿಯಾಗಿ. ಕೂದಲಿನ ಮೆತ್ತೆಯಿಲ್ಲದ ಭುಜದ ಮೂಳೆ ನೇರವಾಗಿ ಕಾಲಿಗೆ ತಾಗಿತು. ಬೀಳದಿರಲು ಒಂದು ಹೆಜ್ಜೆ ಇಟ್ಟ. ಇನ್ನೊಂದು. ಹಿಂದೆ ಪುಟ್ಟಗಂಗಮ್ಮ ನಗುವುದು ಕೇಳಿಸಿತು, "ಅಯ್ಯೋ, ಮೇಷ್ಟ್ರನ್ನೂ ತುಂಬ್ತಲ್ಲಪ್ಪ!" ನಿಂತು ನೋಡಿದರೆ ಎರಡು ಕಡೆಯೂ ಬಲೆ ಇತ್ತು. ತೊಡೆಯವರೆಗೆ ಬಿಸಿ ಉಸಿರಿನ ಮೈಗಳು ಒತ್ತುತ್ತಿದ್ದವು. ದಾಟುವುದು ಕಷ್ಟವೇನೂ ಅಲ್ಲ, ಬಲೆ ಸೊಂಟದಷ್ಟೇ ಇದೆ ಎಂದುಕೊಂಡ. ಕಾಲೆತ್ತಲಿಲ್ಲ.

ಹೀಗೇ ತಳ್ಳಿಸಿಕೊಂಡು ಬಂದ ಮೀನಾ ಸಂಜೆಗಳಲ್ಲಿ ಹಜಾರದ ಕುರ್ಚಿಯಲ್ಲಿ ಒಬ್ಬಳೇ ಎಷ್ಟು ಹೊತ್ತು ಕೂತಿರುತ್ತಿದ್ದಳು? ಬಾಗಿಲು ಕೆರೆಯುವ ಸದ್ದು ಕೇಳಿಯೂ ತಾನು ಎಷ್ಟು ಹೊತ್ತಿಗೆ ಏಳುತ್ತಿದ್ದೆ? ಲೆಕ್ಕ ಸಿಗಲಿಲ್ಲ.

ಫೋನು ಬಡಿದುಕೊಂಡಿತು. ಅವಳೇ.

"ಎಲ್ಲಿದೀರಿ?"

ಸುತ್ತ ನೋಡಿದ.

"ಹಲೋ? ನಾಯಿ ಹೇಗಿದೆ? ಕೇಳಿಸ್ತಿದೆಯಾ?"

ಒಂದು ಕುರಿ ಚೀಲದ ಬಾಯಿಂದ ಬಿಳಿಯ ಕೂದಲಿನ ಎಸಳೊಂದನ್ನು ಎಳೆದು ಅಗಿಯುತ್ತಿತ್ತು. ಬ್ಯಾರನ್ ಬಾಗಿಲಿಗೆ ಅಡ್ಡಲಾಗಿ ಕೂತು, ಕತ್ತು ವಾರೆ ಮಾಡಿ, ಬಲೆಯ ಒಳಗನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂಟಿ ಕಣ್ಣಿನಲ್ಲಿ ನೋಡುತ್ತ ಬಂತು. ಜ್ಞಾನೇಶ ಹಾಜರಿ ಹೇಳುವ ಹುಡುಗನಂತೆ ಕೈ ಎತ್ತಿದ. ಆ ಕಣ್ಣು ಒಂದೊಂದು ಕುರಿಯ ಮೇಲೆ ನಿಂತಷ್ಟೇ ಹೊತ್ತು ಅವನ ಮೇಲೂ ನಿಂತು, ಮುಂದಿನದಕ್ಕೆ ಹೋಯಿತು. ಯಾವುದೂ ಹೊರಗುಳಿದಿಲ್ಲವೆಂದು ಖಾತ್ರಿಯಾದ ಮೇಲೆ ಅದು ಮುಂಗಾಲಿನ ಮೇಲೆ ಮೂತಿಯಿಟ್ಟು ಮಲಗಿತು.